ಫ್ಯಾನ್ ತಿರುಗಿದಾಗ ಕೆಮ್ಮುವ ಕಾರು

ಹುಬ್ಬಳ್ಳಿಯ ಗೋಕುಲ ರಸ್ತೆ ಹಿಡಿದು, ವಿಮಾನ ನಿಲ್ದಾಣ ದಾಟಿ ಮುಂದೆ ಹೋದರೆ ತಾರಿಹಾಳ. ಹೊಲಗಳ ನಡುವಿನ ಹಳೆಯ ಊರು. ಈಗ ಆ ಹೆಸರು ಹೇಳಿದರೆ ಜನರ ಕಣ್ಣಿಗೆ ಕಟ್ಟುವುದು ಕೈಗಾರಿಕಾ ವಸಾಹತು: ತಗಡಿನ ಶೆಡ್ಡುಗಳು, ಲೇತ್ ಮಷೀನಿನ ಸಪ್ಪಳ, ರಸ್ತೆ ಪಕ್ಕ ಬಿದ್ದ ಕಬ್ಬಿಣದ ಸುರುಳಿ ಚೂರು. ಕೈಗಾರಿಕಾ ವಾಲ್ವುಗಳಿಗೆ ಹುಬ್ಬಳ್ಳಿ ಹೆಸರಾದ ಊರು. ಸಾವಿರದಲ್ಲೊಂದು ಭಾಗ ಇಂಚು ಹೆಚ್ಚುಕಡಿಮೆಯಾದರೆ ಮಾಲು ವಾಪಸ್ ಬರುತ್ತದೆ ಎಂಬ ಭಯದಲ್ಲಿ ಪಳಗಿದ ಕೈಗಳು ಇಲ್ಲಿ ಬೇಕಾದಷ್ಟಿವೆ. ಹಾಗಾಗಿ ಅಂಗಡಿಯಲ್ಲಿ ಪಾರ್ಟ್ ಸಿಗದ ಹಳೆಯ ಕಾರು, ಬೈಕುಗಳ ಮಾಲೀಕರು ಕೊನೆಗೆ ಇತ್ತ ಕಡೆಗೇ ಬರುತ್ತಾರೆ. ಸಿಗದಿದ್ದರೆ ಮಾಡಿಸಿಕೊಳ್ಳಬಹುದಲ್ಲ!

ಇಲ್ಲಿನ ಒಂದು ಶೆಡ್ಡಿನಲ್ಲಿ ನಾನು ಕೂತಿದ್ದು ನನ್ನ ಸ್ಕೂಟರಿನ ಕೆಲಸಕ್ಕೆ. ಆಗ ಬಂತು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂತಿದ್ದ, ಫೈಬರ್ ಮೈಯ ಹಳೆಯ ಸ್ಪೋರ್ಟ್ಸ್ ಕಾರು. ಯಾವ ಕಂಪನಿಯದು ಎಂಬುದು ಬೇಡ. ತಪ್ಪು ಕಂಪನಿಯದಲ್ಲ, ವಯಸ್ಸಿನದು. ಮಾಲೀಕರು ಧಾರವಾಡದ ನಿವೃತ್ತ ಮೇಷ್ಟ್ರು. ಕೈಯಲ್ಲೊಂದು ಬಟ್ಟೆಯ ಚೀಲ. ಅದರಲ್ಲಿ ಹಳೆಯ ಪ್ಲಗ್ಗುಗಳು, ಒಂದು ಇಗ್ನಿಷನ್ ಕಾಯಿಲ್, ಒಂದು ಪೆಟ್ರೋಲ್ ಪಂಪ್, ಪ್ಲಗ್ ವೈರುಗಳ ಕಟ್ಟು. ಆರು ತಿಂಗಳಲ್ಲಿ ಬೇರೆ ಬೇರೆ ಕಡೆ ಬದಲಿಸಿದ ಸಾಮಾನುಗಳವು. ಎಲ್ಲ ಬದಲಾದ ಮೇಲೂ ರೋಗ ಇದ್ದಲ್ಲೇ ಇತ್ತು.

ಫೈಬರ್ ಮೈಯ ಕಾರು ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ, 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಹಗುರ ಮೈ. ಮಾರುತಿ 800 ಬಂದ ಮೇಲೆ ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಆದರೆ ರೇಸು, ರ್‍ಯಾಲಿಗಳ ಹುಡುಗರಿಗೆ ಅದರ ಹಗುರತನ ಬಲು ಇಷ್ಟವಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಬಂದದ್ದು ಸ್ಯಾನ್ ಸ್ಟಾರ್ಮ್. ಬೆಂಗಳೂರಿನಲ್ಲಿ ರೈಲು ಎಂಜಿನ್ ಮಾಡುವ ಸ್ಯಾನ್ ಬಳಗದ್ದು. ಎರಡು ಸೀಟು, ಮೇಲ್ಛಾವಣಿ ತೆಗೆಯಬಹುದು, ರೆನೋ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಇಂದಿನ ಸಾಧಾರಣ ಮನೆಗಾಡಿಗೂ ಅದಕ್ಕಿಂತ ಹೆಚ್ಚು ಶಕ್ತಿಯಿದೆ ನಿಜ. ಆದರೆ ಮೈ ಹಗುರವಾದ್ದರಿಂದ ಆ ಕಾಲಕ್ಕೆ ಅದು ಚುರುಕಾಗಿಯೇ ಓಡುತ್ತಿತ್ತು. ಇಂಥ ಕಾರುಗಳು ಲೆಕ್ಕಕ್ಕೆ ಸಿಗುವಷ್ಟೇ ಉಳಿದಿವೆ. ಉಳಿದವುಗಳ ಯಜಮಾನರಿಗೆಲ್ಲ ಒಂದೇ ಸಂಕಟ: ಕಂಪ್ಯೂಟರ್ ಹಚ್ಚಿ ರೋಗ ಓದುವ ಸೌಕರ್ಯ ಇವಕ್ಕಿಲ್ಲ. ಭಾರತದಲ್ಲಿ ಓಬಿಡಿ ಎಂಬ ಆ ವ್ಯವಸ್ಥೆ ಕಡ್ಡಾಯವಾದದ್ದೇ 2010ರಿಂದೀಚೆಗೆ. ಅದಕ್ಕೂ ಹಿಂದಿನ ಕಾರಿನ ನಾಡಿಯನ್ನು ಕೈಯಿಂದಲೇ ಹಿಡಿದು ನೋಡಬೇಕು.

ಶೆಡ್ಡಿನವರನ್ನು ಎಲ್ಲರೂ ಉಸ್ತಾದ ಅಂತಲೇ ಕರೆಯುತ್ತಾರೆ. ಅವರು ಬಾನೆಟ್ ಎತ್ತಲಿಲ್ಲ. ಸ್ಟೂಲ್ ಎಳೆದು ಕೂತು ಚಹಾ ಹೇಳಿದರು.

"ಏನಾಗೈತ್ರಿ ಸರ್ರ?"

"ಬಿಸಿ ಆದಮ್ಯಾಲೆ ಮಿಸ್ಸಿಂಗ್ ಹೊಡಿತೈತಿ ಉಸ್ತಾದ. ತಣ್ಣಗಿದ್ದಾಗ ಏನೂ ಇಲ್ಲ, ಬಂಗಾರದಂಗ ಓಡತೈತಿ."

"ಓಡೂ ಮುಂದ ಹೊಡಿತೈತೋ, ನಿಂತಾಗ ಹೊಡಿತೈತೋ?"

"ನಿಂತಾಗ. ಹೊಸೂರ ಸರ್ಕಲ್ಲಿನಾಗ ಸಿಗ್ನಲ್ ಬಿತ್ತಂದ್ರ ಸುರು. ಸಂಜಿಮುಂದ ಭಾಳ."

"ಸಂಜಿಮುಂದ ಯಾಕ ಭಾಳ? ಮಧ್ಯಾಹ್ನ ಬಿಸಲು ಹೆಚ್ಚಲ್ರಿ?"

ಮೇಷ್ಟ್ರು ಸುಮ್ಮನಾದರು. ಈ ಪ್ರಶ್ನೆಯನ್ನು ಆರು ತಿಂಗಳಲ್ಲಿ ಯಾರೂ ಅವರಿಗೆ ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ.

"ಮಿಸ್ಸಿಂಗ್ ಹೊಡಿಯೂ ಮುಂದ ಫ್ಯಾನ್ ತಿರಗತಿತ್ತೇನ್ರಿ?"

ಇಲ್ಲಿ ಸ್ವಲ್ಪ ನಿಂತು ಮೂಲಪಾಠ ಹೇಳಿಬಿಡುತ್ತೇನೆ. ಪೆಟ್ರೋಲ್ ಎಂಜಿನ್ ಬೇಡುವುದು ಹೆಚ್ಚೇನಲ್ಲ: ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಆ ಮಿಶ್ರಣವನ್ನು ಒತ್ತಿ ಹಿಡಿಯುವ ಬಿಗಿ, ಸರಿಯಾದ ಗಳಿಗೆಗೆ ಒಂದು ಕಿಡಿ. ಮಿಸ್ಸಿಂಗ್ ಎಂದರೆ ಇವುಗಳಲ್ಲಿ ಯಾವುದೋ ಒಂದು ಯಾವುದೋ ಸಿಲಿಂಡರಿನಲ್ಲಿ ಒಂದು ಸುತ್ತು ತಪ್ಪಿತು ಎಂದರ್ಥ. ನಮ್ಮಲ್ಲಿ ತೊಂದರೆ ಶುರುವಾಗುವುದು ಪ್ಲಗ್ಗು ಬದಲಿಸುವುದರಿಂದ. ಅದು ಅಗ್ಗ, ಬಿಚ್ಚುವುದು ಸುಲಭ. ಅದಾದ ಮೇಲೆ ಕಾಯಿಲ್, ಆಮೇಲೆ ಪಂಪ್. ಬದಲಿಸಿದ್ದೆಲ್ಲ ಪರೀಕ್ಷೆ ಮಾಡಿದಂತೆ ಎಂಬ ಭ್ರಮೆಯಲ್ಲಿ ಬಿಲ್ಲು ಬೆಳೆಯುತ್ತದೆ. ಜ್ವರ ಬಂದವನಿಗೆ ಅಂಗಡಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದೊಂದಾಗಿ ನುಂಗಿಸಿ ನೋಡುವ ವೈದ್ಯರ ಹತ್ತಿರ ನಾವು ಎರಡನೇ ಸಲ ಹೋಗುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಅದೇ ದೊಡ್ಡ ಚಿಕಿತ್ಸೆ.

ಮೇಷ್ಟ್ರ ಮಾತಿನಲ್ಲಿ ಎರಡು ಸಂಗತಿ ಬೆರೆತಿದ್ದವು. ಎಂಜಿನ್ ಬಿಸಿಯಾಗುವುದು ಒಂದು; ಬಿಸಿಯಾದಾಗ ರೇಡಿಯೇಟರಿನ ಫ್ಯಾನ್ ತನ್ನಷ್ಟಕ್ಕೇ ತಿರುಗುವುದು ಇನ್ನೊಂದು. ಎರಡೂ ಒಂದೇ ಹೊತ್ತಿಗೆ ಆಗುತ್ತವೆ. ಬಿಸಿಯೇ ಕಾರಣ ಎಂದುಕೊಂಡವರು ಕಾಯಿಲ್ ಬದಲಿಸಿದರು, ಯಾಕೆಂದರೆ ಹಳೆಯ ಕಾಯಿಲ್ ಕಾದಾಗ ಸೋಲುವುದು ನಿಜ. ಆದರೆ ಕಾರಣ ಬಿಸಿಯಲ್ಲದೆ ಫ್ಯಾನೇ ಆಗಿದ್ದರೆ? ಸಂಜೆ ಹೆಚ್ಚು ಎಂದದ್ದು ಸುಳಿವು. ಮಧ್ಯಾಹ್ನಕ್ಕಿಂತ ಸಂಜೆ ತಂಪು, ಆದರೆ ಸಂಜೆ ಹೆಡ್‌ಲೈಟ್ ಹಾಕುತ್ತೇವೆ!

ಇವೆರಡನ್ನು ಬೇರ್ಪಡಿಸಲು ಉಸ್ತಾದ ಮಾಡಿದ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಕಾರನ್ನು ಒಂದೂವರೆ ತಾಸು ನೆರಳಲ್ಲಿ ಬಿಟ್ಟರು. ಎಂಜಿನ್ ತಣ್ಣಗಾಗಿ ಮುಟ್ಟುವಂತಾದ ಮೇಲೆ ಚಾಲೂ ಮಾಡಿಸಿ, ಹೆಡ್‌ಲೈಟ್, ಒಳಗಿನ ಬ್ಲೋವರ್, ವೈಪರ್ ಎಲ್ಲ ಒಟ್ಟಿಗೆ ಹಾಕಲು ಹೇಳಿದರು. ಅರ್ಧ ನಿಮಿಷಕ್ಕೆ ಎಂಜಿನ್ ನಡುಗಿತು, ಆಮೇಲೆ ಕೆಮ್ಮಿತು. ಟೆಂಪರೇಚರ್ ಮುಳ್ಳು ಇನ್ನೂ ತಳದಲ್ಲೇ ಇತ್ತು. ಬಿಸಿಗೂ ಈ ರೋಗಕ್ಕೂ ಸಂಬಂಧವಿಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಎಲ್ಲ ಆರಿಸಿದರು, ಎಂಜಿನ್ ಸಮಾಧಾನವಾಯಿತು.

ಇನ್ನು ಫೈಬರ್ ಮೈಯ ಮಾತು. ಸಾಮಾನ್ಯ ಕಾರಿನ ಮೈ ಉಕ್ಕಿನ ತಗಡು. ಬ್ಯಾಟರಿಯ ಪ್ಲಸ್ ತುದಿಯಿಂದ ತಂತಿಯಲ್ಲಿ ಹೋದ ಕರೆಂಟು ದೀಪವನ್ನೋ ಮೋಟಾರನ್ನೋ ದಾಟಿ, ವಾಪಸ್ ಬರುವಾಗ ಕಾರಿನ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಹೋಗುವುದಕ್ಕೆ ತಂತಿ, ಬರುವುದಕ್ಕೆ ಇಡೀ ಕಾರು. ಇದನ್ನೇ ನಮ್ಮವರು ಅರ್ಥ್ ಎನ್ನುತ್ತಾರೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಅಂಥ ಕಾರಿನಲ್ಲಿ ಪ್ರತಿ ದೀಪಕ್ಕೆ, ಪ್ರತಿ ಮೋಟಾರಿಗೆ ವಾಪಸ್ ಬರುವ ತಂತಿಯೊಂದನ್ನು ಎಳೆದು, ಕೆಳಗಿನ ಕಬ್ಬಿಣದ ಚಾಸಿಗೆ ಬೋಲ್ಟ್ ಹಾಕಿರುತ್ತಾರೆ. ಚಾಸಿಯಿಂದ ಎಂಜಿನ್ನಿಗೆ, ಬ್ಯಾಟರಿಗೆ ಒಂದು ದಪ್ಪ ಪಟ್ಟಿ. ಇಪ್ಪತ್ತೈದು ವರ್ಷದ ಮಳೆ, ಧೂಳು, ಸರ್ವೀಸ್ ಸ್ಟೇಷನ್ನಿನ ನೀರು ತಿಂದ ಮೇಲೆ ಆ ಬೋಲ್ಟಿನ ಕೆಳಗೆ ತುಕ್ಕಿನ ಪದರ ಕೂರುತ್ತದೆ. ಮೇಲಿನಿಂದ ನೋಡಿದರೆ ಬಿಗಿಯಾಗಿಯೇ ಇರುತ್ತದೆ.

ಲೆಕ್ಕ ನೋಡಿ. ಫ್ಯಾನಿಗೆ ಹತ್ತು ಹನ್ನೆರಡು ಆಂಪಿಯರ್, ಎರಡು ಹೆಡ್‌ಲೈಟಿಗೆ ಹತ್ತಿರ ಹತ್ತು. ಒಟ್ಟು ಇಪ್ಪತ್ತೆನ್ನಿ. ತುಕ್ಕಿನ ಆ ಜೋಡಣೆಯಲ್ಲಿ ಬರೀ 0.1 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಖರ್ಚು. ಬ್ಯಾಟರಿಯ ಮೇಲೆ ಮೀಟರು 14 ತೋರಿಸುತ್ತಿರುತ್ತದೆ, ಪೆಟ್ರೋಲ್ ಪಂಪಿಗೆ ಸಿಗುವುದು 12. ಪಂಪು ನಿಧಾನವಾಗುತ್ತದೆ, ಕಾಯಿಲ್ಲಿನ ಕಿಡಿ ಸೊರಗುತ್ತದೆ, ಎಂಜಿನ್ ನಡೆಸುವ ಇಸಿಯು ಪೆಟ್ಟಿಗೆಗೂ ಅದೇ ಗತಿ. ಇವೆಲ್ಲ ಒಂದೇ ಬೋಲ್ಟಿನ ಮೂಲಕ ವಾಪಸ್ ಬರುತ್ತಿದ್ದರೆ, ಫ್ಯಾನು ತಿರುಗಿದ ತಪ್ಪಿಗೆ ಪಂಪಿಗೆ ಶಿಕ್ಷೆ. ಹೊಸ ಪಂಪು ಹಾಕಿದರೂ ಅದೇ ಶಿಕ್ಷೆ ಅದಕ್ಕೂ.

ಮೇಷ್ಟ್ರ ಕಾರಿನಲ್ಲಿ ಇನ್ನೊಂದು ಮೋಸವಿತ್ತು. ಅದರ ಸೆಲ್ಫ್ ಮೋಟಾರು ಜೋರಾಗಿಯೇ ತಿರುಗುತ್ತಿತ್ತು. ಸೆಲ್ಫಿಗೆ ನೂರು ಆಂಪಿಯರಿಗೂ ಮಿಕ್ಕಿ ಬೇಕು. ಅದು ಚೆನ್ನಾಗಿ ಹೊಡೆಯುತ್ತಿದೆ ಎಂದ ಮೇಲೆ ಬ್ಯಾಟರಿ ಲೈನು, ಅರ್ಥು ಎಲ್ಲ ಸರಿಯಿದೆ ಎಂದು ಹಿಂದಿನವರು ತೀರ್ಮಾನಿಸಿದ್ದರು. ತರ್ಕ ಸರಿಯೇ, ಆದರೆ ಅರ್ಧ ಸರಿ. ಈ ಕಾರಿನಲ್ಲಿ ಬ್ಯಾಟರಿಯ ಮೈನಸ್ ಕೇಬಲ್ ನೇರ ಎಂಜಿನ್ ಬ್ಲಾಕಿಗೆ ಹೋಗುತ್ತಿತ್ತು. ಸೆಲ್ಫ್ ಕೂತಿರುವುದೂ ಅದೇ ಬ್ಲಾಕಿನ ಮೇಲೆ. ಅದರ ದಾರಿ ಚೊಕ್ಕಟ. ಕೆಟ್ಟದ್ದು ಬ್ಲಾಕಿನಿಂದ ಚಾಸಿಗೆ ಹೋಗುವ ಎರಡನೇ ಪಟ್ಟಿ.

ಉಸ್ತಾದ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೂ ಇನ್ನೊಂದನ್ನು ಚಾಸಿಯ ಕಬ್ಬಿಣಕ್ಕೂ ಹಿಡಿದು, ಎಲ್ಲ ದೀಪ ಹಾಕಿಸಿದರು. ಇವೆರಡೂ ಒಂದೇ ಅರ್ಥ್ ಆದ್ದರಿಂದ ಮೀಟರು ಸೊನ್ನೆಯ ಹತ್ತಿರ ಇರಬೇಕು, 0.2 ವೋಲ್ಟ್ ಒಳಗಿದ್ದರೆ ಕ್ಷಮಿಸಬಹುದು. ತೋರಿಸಿದ್ದು 1.6. ಓಮ್ ಅಳತೆಯಲ್ಲಿಟ್ಟು ಇದೇ ಪಟ್ಟಿಯನ್ನು ನೋಡಿದ್ದರೆ ಮೀಟರು ಬಹುತೇಕ ಸರಿ ಎಂದೇ ಹೇಳುತ್ತಿತ್ತು. ಕರೆಂಟು ಹರಿಯುವಾಗಲೇ ಅಳೆಯಬೇಕು, ಖಾಲಿ ತಂತಿಯನ್ನಲ್ಲ. ಖಾಲಿ ರಸ್ತೆ ನೋಡಿ ಟ್ರಾಫಿಕ್ ಹೇಗಿದೆ ಎಂದು ಹೇಳಲಾಗದು.

ಇದಾದ ಮೇಲೂ ಅವರು ಪಟ್ಟಿ ಬಿಚ್ಚಲಿಲ್ಲ. ಬ್ಯಾಟರಿ ಸತ್ತಾಗ ಬಳಸುವ ಜಂಪರ್ ಕೇಬಲ್ ತಂದು ಮೈನಸ್‌ನಿಂದ ಚಾಸಿಗೆ ಕಚ್ಚಿಸಿದರು. ಕೆಮ್ಮು ನಿಂತಿತು. ತೆಗೆದರು, ಕೆಮ್ಮಿತು. ಮತ್ತೆ ಕಚ್ಚಿಸಿದರು. ಮೂರು ಸಲ ಹೀಗೆ ಮಾಡಿ ತೋರಿಸಿದ್ದು ತಮಗೆ ಸಂಶಯವಿತ್ತೆಂದಲ್ಲ, ಮೇಷ್ಟ್ರಿಗೆ ನಂಬಿಕೆ ಬರಲೆಂದು. ನನ್ನ ಮಟ್ಟಿಗೆ ಇಡೀ ದಿನದ ಸೊಗಸಾದ ಕೆಲಸ ಅದೇ. ಪಾರ್ಟು ಬಿಚ್ಚುವ ಮೊದಲು ರೋಗವನ್ನು ಬೇಕೆಂದಾಗ ತರಿಸಿ, ಬೇಕೆಂದಾಗ ಹೋಗಿಸಿದರೆ ಮಾತ್ರ ಅದು ಕೈಗೆ ಸಿಕ್ಕಿತೆಂದು ಲೆಕ್ಕ.

ನಿಜವಾಗಿಯೂ ಬಿಸಿಯೇ ಕಾರಣವಾಗುವ ಕಾರುಗಳು ಇಲ್ಲವೆಂದಲ್ಲ. ಓಡುತ್ತಿದ್ದ ಗಾಡಿ ಕಾದು ಸಟಕ್ಕನೆ ನಿಂತು, ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾಲೂ ಆದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಕಾಯಿಲ್ ಮೇಲೆ ಗುಮಾನಿ ಪಡಬೇಕು. ನಿಂತ ಕ್ಷಣದಲ್ಲೇ ಒಂದು ಪ್ಲಗ್ ತೆಗೆದು ಕಿಡಿ ಇದೆಯೇ ನೋಡಬೇಕು, ತಣ್ಣಗಾದ ಮೇಲೆ ನೋಡಿ ಪ್ರಯೋಜನವಿಲ್ಲ. ಗೋವಾ, ಕಾರವಾರ ಕಡೆಯಿಂದ ಬರುವವರು ಅರಬೈಲ್ ಘಟ್ಟ ಹತ್ತುವಾಗ ಮುಳ್ಳು ಕೆಂಪಿಗೆ ಹೋಯಿತೆಂದು ಹೇಳುತ್ತ ಬರುತ್ತಾರೆ. ಆಗ ಎಲ್ಲರ ಬಾಯಲ್ಲಿ ಬರುವುದು ಹೆಡ್ ಗ್ಯಾಸ್ಕೆಟ್. ಮೊದಲು ನೋಡಬೇಕಾದ್ದು ರೇಡಿಯೇಟರಿನ ಮುಚ್ಚಳ. ಅದೊಂದು ಬರಿಯ ಬಿರಡೆಯಲ್ಲ. ಒಳಗಿನ ಒತ್ತಡವನ್ನು 13–15 ಪಿಎಸ್‌ಐವರೆಗೆ ಹಿಡಿದಿಟ್ಟು ನೀರು ಕುದಿಯುವ ಬಿಂದುವನ್ನು ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಅದರ ರಬ್ಬರು ಹೋದರೆ ಘಟ್ಟದಲ್ಲಿ ನೀರು ಬೇಗ ಕುದಿಯುತ್ತದೆ. ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ ಜೋಡಿಸಿ ಅದೇ ಹಳೆಯ ಮುಚ್ಚಳ ಹಾಕಿ ಕಳಿಸಿದರೆ ಮುಂದಿನ ಘಟ್ಟದಲ್ಲಿ ಮತ್ತೆ ಅದೇ ಕಥೆ. ಗ್ಯಾಸ್ಕೆಟ್ ನಿಜಕ್ಕೂ ಹೋಗಿದ್ದರೆ ಬೇರೆ ಸಾಕ್ಷಿಗಳು ಸಿಗುತ್ತವೆ: ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ನೊರೆ. ಕಂಪ್ರೆಷನ್ ಗೇಜಿನಲ್ಲಿ ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ಕಂಪ್ರೆಷನ್ ಎಂದಾಗ ನೆನಪಾಯಿತು. ಹಳೆಯ ಸ್ಪೋರ್ಟ್ಸ್ ಕಾರಿನವರು ವಿದೇಶಿ ಪುಸ್ತಕ ಇಟ್ಟುಕೊಂಡು ಬರುತ್ತಾರೆ. ಅದರಲ್ಲಿ ಇಂತಿಷ್ಟು ಪಿಎಸ್‌ಐ, ವ್ಯಾಕ್ಯೂಮ್ ಇಂತಿಷ್ಟು ಇಂಚು ಎಂದಿರುತ್ತದೆ. ನಮ್ಮಲ್ಲಿ ಅಳೆದರೆ ಕಡಿಮೆ ಬರುತ್ತದೆ. ರಿಂಗ್ ಸವೆದಿದೆ, ಬೋರಿಂಗ್ ಮಾಡಿಸಿ ಎಂಬ ಮಾತು ಹೊರಡುತ್ತದೆ. ಆ ಅಂಕಿಗಳು ಸಮುದ್ರಮಟ್ಟದ ಲೆಕ್ಕ ಎಂಬುದನ್ನು ಮರೆಯುತ್ತೇವೆ. ಹುಬ್ಬಳ್ಳಿ ಇರುವುದು ಎರಡು ಸಾವಿರ ಅಡಿಗೂ ಸ್ವಲ್ಪ ಮೇಲೆ. ಸಾವಿರ ಅಡಿಗೆ ಒಂದಿಂಚಿನ ಲೆಕ್ಕದಲ್ಲಿ ವ್ಯಾಕ್ಯೂಮ್ ಇಳಿಯುತ್ತದೆ. ಅಂಕೋಲೆಯಲ್ಲಿ 18 ಇಂಚು ತೋರಿಸಿದ ಆರೋಗ್ಯವಂತ ಎಂಜಿನ್ ತಾರಿಹಾಳಕ್ಕೆ ಬರುವಷ್ಟರಲ್ಲಿ 16 ತೋರಿಸಿದರೆ ಅದಕ್ಕೆ ಏನೂ ಆಗಿಲ್ಲ, ಗಾಳಿ ತೆಳುವಾಗಿದೆ ಅಷ್ಟೆ. ಕಂಪ್ರೆಷನ್ನಿನಲ್ಲೂ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅದು ಶೇಕಡ 10–15 ದಾಟಿದರೆ ಮಾತ್ರ ಚಿಂತೆ. ದಾಟಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ವಾಲ್ವಿನದಾದರೆ ಚಿಂತೆಯಿಲ್ಲ, ವಾಲ್ವಿನ ಊರಿನಲ್ಲೇ ಇದ್ದೀರಿ! (ಆ ವಾಲ್ವು ಬೇರೆ, ಈ ವಾಲ್ವು ಬೇರೆ ಎಂದು ಎಂಜಿನಿಯರ್ ಓದುಗರು ಪತ್ರ ಬರೆಯುವುದು ಬೇಡ. ಗೊತ್ತಿದೆ.)

ಈಚಿನ ಒಂದು ಸಂಗತಿಯನ್ನೂ ಹಳೆಯ ಕಾರಿನವರು ಗಮನದಲ್ಲಿಡಬೇಕು. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ-20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ರೈತನಿಗೆ ಅದರಿಂದ ಲಾಭವಿದೆ, ನನ್ನ ತಕರಾರಿಲ್ಲ. ಆದರೆ ಒಂದು ಪಾಲು ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ-20ಕ್ಕೆ ಸಾಕಾಗುವುದು ಸುಮಾರು 13.5. ಕಾರ್ಬುರೇಟರಿಗೆ ಇದು ತಿಳಿಯುವುದಿಲ್ಲ. ಅದು ಹಳೆಯ ಅಳತೆಯಲ್ಲೇ ಬಡಿಸುತ್ತದೆ, ಎಂಜಿನ್ ಅರೆಹೊಟ್ಟೆಯಲ್ಲಿ ಓಡುತ್ತದೆ. ಬೆಳಗ್ಗೆ ಚಾಲೂ ಆಗಲು ತಕರಾರು, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಕೆ, ಪ್ಲಗ್ಗಿನ ತುದಿ ಬೂದುಬಿಳುಪು. ಕಂದು ಬಣ್ಣವಿದ್ದರೆ ಸರಿ, ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಹಳೆಯ ರಬ್ಬರ್ ಹೋಸುಗಳನ್ನು ಎಥನಾಲ್ ಉಬ್ಬಿಸುತ್ತದೆ, ಟ್ಯಾಂಕಿನ ತಳದ ಕಸವನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ಗೋಕುಲ ರಸ್ತೆಯಲ್ಲಿ ಎರಡು ಸುತ್ತು ಹೊಡೆಸುವುದು ಶೋಕಿಯಲ್ಲ, ಔಷಧಿ.

ಇನ್ನು ಖಂಡೇಪೂಜೆ. ಹಬ್ಬದ ಮುಂಚಿನ ದಿನ ಸರ್ವೀಸ್ ಸ್ಟೇಷನ್ನಿನಲ್ಲಿ ಬಾನೆಟ್ ಎತ್ತಿಸಿ ಎಂಜಿನ್ ಮೇಲೆ ನೀರಿನ ಕೊಳವೆ ಬಿಡಿಸುತ್ತೇವೆ. ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಕನೆಕ್ಟರುಗಳಿಗೆ ಹೋಗುತ್ತದೆ. ಬನ್ನಿ ಕೊಟ್ಟು ಬಂದ ಮರುದಿನ ಶೆಡ್ಡಿನ ಮುಂದೆ ಸಾಲು. ಇಂಥ ಮಿಸ್ಸಿಂಗಿಗೆ ಗಾಳಿ ಹೊಡೆದು ಒಣಗಿಸುವುದೇ ಚಿಕಿತ್ಸೆ.

ಮೇಷ್ಟ್ರ ಕಾರಿನ ಪಟ್ಟಿ ಬಿಚ್ಚಿದಾಗ ಚಾಸಿಯ ಕಡೆಯ ತುದಿಯಲ್ಲಿ ಹಸಿರು, ಕೆಂಪು ಹುಡಿ ಉದುರಿತು. ಅಷ್ಟೇ ಅಲ್ಲ, ಯಾವಾಗಲೋ ಚಾಸಿಗೆ ಬಣ್ಣ ಹೊಡೆಸಿದವರು ಆ ಜಾಗದ ಮೇಲೂ ಹೊಡೆದು, ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಕಾರು ಚೆಂದ ಕಾಣಲೆಂದು ಮಾಡಿದ್ದು. ಶೆಡ್ಡಿನ ಹುಡುಗ ಎಮರಿ ಕಾಗದದಿಂದ ಉಜ್ಜಿ ಕಬ್ಬಿಣ ಬೆಳ್ಳಗೆ ಮಾಡಿದ. ತಾಮ್ರದ ಹೊಸ ಹೆಣಿಗೆ ಪಟ್ಟಿ ಹಾಕಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಪಂಪಿನ ಅರ್ಥಿಗೂ ಇಸಿಯು ಪೆಟ್ಟಿಗೆಯ ಅರ್ಥಿಗೂ ಅದೇ ಸೇವೆ. ಮೀಟರು ಈಗ 0.05 ಎಂದಿತು. ಬಿಲ್ಲು ನಾನ್ನೂರೈವತ್ತು ರೂಪಾಯಿ, ಚಹಾ ಉಸ್ತಾದರ ಲೆಕ್ಕಕ್ಕೆ.

ಮೇಷ್ಟ್ರು ಚಾಲೂ ಮಾಡಿ ಹೆಡ್‌ಲೈಟ್ ಹಾಕಿ ಕಾದರು. ಮುಳ್ಳು ನಿಧಾನಕ್ಕೆ ಏರಿತು, ಫ್ಯಾನ್ ಜೋರಾಗಿ ತಿರುಗತೊಡಗಿತು. ಎಂಜಿನ್ ಅಲುಗಲಿಲ್ಲ. ಅವರು ಕೆಳಗಿಳಿದು ಬಟ್ಟೆಯ ಚೀಲವನ್ನು ಮೂಲೆಯ ಗುಜರಿ ಡಬ್ಬಿಯ ಕಡೆ ಒಯ್ಯುತ್ತಿದ್ದಾಗ ಉಸ್ತಾದ ತಡೆದರು. ಹಳೆಯ ಕಾಯಿಲ್ ಅನ್ನು ತೆಗೆದು ಕೈಯಲ್ಲಿ ತಿರುಗಿಸಿ ನೋಡಿ, ಮೀಟರ್ ಹಚ್ಚಿ, ಮತ್ತೆ ಚೀಲದೊಳಗೆ ಇಟ್ಟರು.

"ಯಾಕ್ ಒಗಿತೀರಿ ಸರ್ರ? ಇದು ಚಲೋನೇ ಐತಿ. ಆ ಪಂಪೂ ನೋಡಿ ಕೊಡ್ತೀನಿ ತಡೀರಿ."